ಮಲ್ಲಿಕಸಾಬನ ನಾಲಿಗೆ, ಕಂಪನಿಯ ಕೆಂಪು ಪೆಟ್ರೋಲು

ನಾಲಿಗೆಯಿಂದ ಪೆಟ್ರೋಲು ಪರೀಕ್ಷೆ ಮಾಡುವ ಮನುಷ್ಯನೊಬ್ಬ ಹುಬ್ಬಳ್ಳಿಯಲ್ಲಿದ್ದ ಎಂದರೆ ಈಗಿನವರು ಕಿಸಕ್ಕನೆ ನಗುತ್ತಾರೆ. ನಗಲಿ, ಹಲ್ಲು ಅವರವು. ಆಗ ನಾವ್ಯಾರೂ ನಕ್ಕಿರಲಿಲ್ಲ. ಅವನು ಮೋಟಾರು ಸ್ಟ್ಯಾಂಡಿಗೆ ಕಾಲಿಟ್ಟರೆ ಡ್ರೈವರುಗಳು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಅದು ಮರ್ಯಾದೆಗೋ, ಅವನ ಅಂಗಿಯಿಂದ ಹೊಡೆಯುವ ಪೆಟ್ರೋಲಿನ ವಾಸನೆಗೆ ಬೆಂಕಿ ಹತ್ತೀತೆಂಬ ಭಯಕ್ಕೋ, ನಾನು ಹೇಳಲಾರೆ.

ಹೆಸರು ಮಲ್ಲಿಕಸಾಬ. ಗುಡ್ಡಪ್ಪ ಧಣಿಯ ಮೋಟಾರ್ ಸರ್ವಿಸ್ಸಿನಲ್ಲಿ ಫಿಟ್ಟರ್. ನಾನು ಅಲ್ಲೇ ಟಿಕೀಟು ಹರಿಯುವ ಗುಮಾಸ್ತ. ಮನೆಯೂ ಅವನ ಮನೆಯ ಪಕ್ಕದ್ದೇ. ನಮ್ಮ ಬಸ್ಸುಗಳು ಹುಬ್ಬಳ್ಳಿಯಿಂದ ಧಾರವಾಡಕ್ಕೆ, ಅಲ್ಲಿಂದ ಉಪ್ಪಿನಬೆಟಗೇರಿಗೆ ಓಡುತ್ತಿದ್ದವು. ಓಡುತ್ತಿದ್ದವು ಎನ್ನುವುದು ಧಣಿಯ ಮಾತು. ನವಲೂರಿನ ಏರು ಬಂದಾಗ ಇಂಜಿನ್ನು ಕಟಕಟ ಹಲ್ಲು ಕಡಿದು ನಿಂತುಬಿಡುತ್ತಿತ್ತು. ಆಗ ಕಾಸು ಕೊಟ್ಟು ಹತ್ತಿದ ಮಂದಿ ಇಳಿದು, ಧೋತರ ಮೇಲೆ ಕಟ್ಟಿ, ಬಸ್ಸನ್ನು ದಬ್ಬಿಕೊಂಡು ಧಾರವಾಡಕ್ಕೆ ಕರೆದುಕೊಂಡು ಹೋಗುತ್ತಿದ್ದರು.

ಪೆಟ್ರೋಲು ಆಗ ಪೀಪಾಯಿಗಳಲ್ಲಿ ಬರುತ್ತಿತ್ತು. ದಾರಿಯಲ್ಲಿ ಅದಕ್ಕೆ ಚಿಮಣಿ ಎಣ್ಣೆ ಬೆರೆಸುವ ಪುಣ್ಯಾತ್ಮರಿಗೆ ಬರವಿರಲಿಲ್ಲ. ಹೀಗಾಗಿ ಪೀಪಾಯಿ ಇಳಿದ ಕೂಡಲೆ ಧಣಿ ಕುರ್ಚಿಯಿಂದಲೇ ಕೂಗುತ್ತಿದ್ದ, "ಮಲ್ಲಿಕಾ, ನಾಲಿಗಿ ತಗೊಂಬಾ!" ಮಲ್ಲಿಕಸಾಬ ಅಂಗೈಯಲ್ಲಿ ಒಂದಿಷ್ಟು ಪೆಟ್ರೋಲು ಹಿಡಿದು, ನಾಲಿಗೆ ಅದ್ದಿ, ಕಣ್ಣು ಮುಚ್ಚಿ, ಬಾಯಲ್ಲಿ ಆಡಿಸಿ ದೂರ ಉಗಿಯುತ್ತಿದ್ದ. ಸುತ್ತ ನಿಂತವರು ಉಸಿರು ಬಿಗಿ ಹಿಡಿಯುತ್ತಿದ್ದರು. "ಚಿಮಣಿ ಎಣ್ಣಿ ಐತ್ರಿ" ಎಂದನೋ, ವ್ಯಾಪಾರಿ ಮಾತಿಲ್ಲದೆ ಪೀಪಾಯಿ ಉರುಳಿಸಿಕೊಂಡು ವಾಪಸು ಹೋಗಬೇಕು. ಅವನ ತೀರ್ಪು ಎಷ್ಟು ಸಲ ಸರಿಯಿತ್ತು, ಎಷ್ಟು ಸಲ ಹಿಂದಿನ ದಿನ ತಿಂದ ಮೆಣಸಿನಕಾಯಿಯ ಪ್ರಭಾವವಿತ್ತು ಎಂದು ಯಾರೂ ವಿಚಾರಿಸಲು ಹೋಗಲಿಲ್ಲ.

ಹೀಗಿರುವಾಗ ಮುಂಬಯಿ ಕಡೆಯ ಒಂದು ಕಂಪನಿ ಹೊಸ ಪೆಟ್ರೋಲು ಕಳಿಸಿತು. ಅದರ ಬಣ್ಣ ಕೆಂಪು. ಕಂಪನಿಯ ಏಜೆಂಟರು ಮೈಲಾರಪ್ಪನವರು ತಾವೇ ಜೊತೆಗೆ ಬಂದಿಳಿದರು. ತಲೆಗೆ ಹ್ಯಾಟು, ಕೊರಳಿಗೆ ಟಾಯಿ, ಎರಡೂ ಕೈಗೆ ಚರ್ಮದ ಕೈಗವಸು. ಹುಬ್ಬಳ್ಳಿಯ ಬ್ಯಾಸಿಗೆಯಲ್ಲಿ ಕೈಗವಸು! ಸ್ಟ್ಯಾಂಡಿನ ಮಂದಿ ಬಾಯಿ ಬಿಟ್ಟುಕೊಂಡು ನೋಡಿದರು. ಅದೇನೋ ಮುಂಬಯಿಯ ಹೊಸ ಫ್ಯಾಶನ್ನು ಇರಬೇಕು ಎಂದು ತೀರ್ಮಾನಿಸಿದ ನಮ್ಮ ಧಣಿ ಮುಂದಿನ ವಾರವೇ ತನಗೂ ಒಂದು ಜೊತೆ ತರಿಸಿಕೊಂಡ. ಅವನ್ನು ಹಾಕಿಕೊಂಡು ನೋಟು ಎಣಿಸಲು ಬರುವುದಿಲ್ಲ ಎಂದು ಗೊತ್ತಾದ ಮೇಲೆ ಕೀಲಿ ಹಾಕಿ ಇಟ್ಟ.

"ಇದರಾಗ ನಮ್ಮ ಕಂಪನಿ ಒಂದು ಔಷಧ ಹಾಕೇತಿ" ಎಂದರು ಏಜೆಂಟರು. "ಇಂಜಿನ್ ಇನ್ನ ಮ್ಯಾಲೆ ಹಲ್ಲು ಕಡಿಯೂದಿಲ್ಲ."

ಮಲ್ಲಿಕಸಾಬ ರುಚಿ ನೋಡಿದ. ಅವನ ಮುಖ ಅರಳಿತು. "ಧಣ್ಯಾರ, ಇದು ಸಕ್ರಿಹಂಗ ಸೀ ಐತ್ರಿ!" ಎಂದ. ಮತ್ತೊಮ್ಮೆ ನೋಡಿದ, ಮಗದೊಮ್ಮೆ ನೋಡಿದ. ಅದೇ ದಿನ ಬಸ್ಸು ನವಲೂರಿನ ಏರನ್ನು ಯಾರೂ ದಬ್ಬದೆ ಹತ್ತಿತು. ಧಾರವಾಡದಲ್ಲಿ ಇಳಿದ ಪ್ಯಾಸೆಂಜರುಗಳು ಕೈಗೆ ಮಣ್ಣು ಹತ್ತದೆ ಇದ್ದುದನ್ನು ಕಂಡು ಬೆರಗಾದರು.

ಅಲ್ಲಿಂದ ಊರಿಗೆ ಕೆಂಪು ಪೆಟ್ರೋಲಿನ ಹುಚ್ಚು ಹಿಡಿಯಿತು. ಬಣ್ಣ ಇದ್ದದ್ದೇ ಅಸಲು, ಇಲ್ಲದ್ದು ನೀರು ಎನ್ನತೊಡಗಿದರು. ದಸರೆಯ ಖಂಡೆಪೂಜೆಯ ದಿನ ಡ್ರೈವರುಗಳು ಇಂಜಿನ್ನಿಗೆ ಕುಂಕುಮದ ಬದಲು ಅದನ್ನೇ ಚಿಮುಕಿಸಿದರು. ತಲೆಯ ಹೇನಿಗೆ ಹಚ್ಚಿದವರುಂಟು. ನಮ್ಮ ದೊಡ್ಡವ್ವ ಯಂಕವ್ವ ಮೊಣಕಾಲಿಗೆ ತಿಕ್ಕಿಕೊಂಡು, "ಇಂಜಿನ್ನಿನ ಕಟಕಟ ನಿಂತೈತಿ ಅಂದಮ್ಯಾಲೆ ನನ್ನ ಮೊಣಕಾಲೇನು ದೊಡ್ಡದು" ಎಂದಳು.

ಊರಿನಲ್ಲಿ ಅದರ ಬಗ್ಗೆ ಅನುಮಾನ ಪಟ್ಟವಳು ಒಬ್ಬಳೇ, ಮಲ್ಲಿಕಸಾಬನ ಹೆಂಡತಿ ಮಕ್ತುಮಬಿ. ಅವಳ ತವರಿನವರು ಸೀರೆಯ ನೂಲಿಗೆ ಬಣ್ಣ ಹಾಕುವವರು. ಗಂಡನ ಅಂಗಿ ಒಗೆಯುವಾಗ ಕೆಂಪು ಕಲೆ ನೋಡಿ ಕೇಳಿದಳಂತೆ:

"ಎಣ್ಣಿ ಕೆಂಪಗ ಹುಟ್ಟಂಗಿಲ್ರಿ. ಯಾರೋ ಬಣ್ಣ ಹಾಕ್ಯಾರ. ಯಾಕ ಹಾಕ್ಯಾರ ಅಂತ ಕೇಳೀರೇನು?"

"ಛಂದ ಕಾಣಲಿ ಅಂತ ಹಾಕಿರತಾರ."

"ಟಾಕಿ ಒಳಗ ಕತ್ತಲ್ಯಾಗ ಇರೂದಕ್ಕ ಛಂದ ಯಾಕ ಬೇಕ್ರಿ?"

ಮಲ್ಲಿಕಸಾಬ, ಹೆಂಗಸರಿಗೆ ಮೋಟಾರಿನ ವಿಷಯ ತಿಳಿಯುವುದಿಲ್ಲ ಎಂದು ಹೇಳಿ ಎದ್ದು ಬಂದ. ಆದರೆ ಆ ಪ್ರಶ್ನೆಯನ್ನು ನನ್ನ ಮುಂದೆ ಹೇಳಿ ನಗುವಾಗ ಅವನ ನಗು ಅರ್ಧಕ್ಕೇ ನಿಂತಿತ್ತು.

ಒಂದೆರಡು ವರ್ಷದ ಮೇಲೆ ಧಾರವಾಡದ ಕಾಲೇಜಿನ ಮಾಸ್ತರರೊಬ್ಬರು ಬಸ್ಸಿನಲ್ಲಿ ಕುಳಿತು ಒಂದು ಇಂಗ್ಲಿಷ್ ಪೇಪರು ಓದಿ ಹೇಳಿದರು. ಪೆಟ್ರೋಲಿಗೆ ಹಾಕುವ ಔಷಧವೆಂದರೆ ಸೀಸವಂತೆ. ಅದನ್ನು ತಯಾರಿಸುವ ಪರದೇಶದ ಕಾರಖಾನೆಯಲ್ಲಿ ಕೂಲಿಗಳಿಗೆ ತಲೆ ಕೆಟ್ಟು, ಕೆಲವರು ಸತ್ತೂ ಹೋದರಂತೆ. ಸುದ್ದಿ ಬಸ್ಸಿಗಿಂತ ಮೊದಲು ಹುಬ್ಬಳ್ಳಿ ಮುಟ್ಟಿತು. ಮಂದಿ ನಮ್ಮ ಬಸ್ಸು ಬಿಟ್ಟು ಟಾಂಗಾ ಹತ್ತತೊಡಗಿದರು. ಧಣಿ ತಲೆಯ ಮೇಲೆ ಕೈ ಹೊತ್ತು ಕುಳಿತ. ಮೈಲಾರಪ್ಪನವರು ಮುಂಬಯಿ ಗಾಡಿ ಹಿಡಿದು ಓಡಿ ಬಂದರು.

ಅವರು ಬಂದವರೇ ಸ್ಟ್ಯಾಂಡಿನ ನಡುವೆ ಒಂದು ಮೇಜು ಹಾಕಿಸಿದರು. ಮೇಲೊಂದು ಹಿತ್ತಾಳೆಯ ಪರಾತ, ಅದರ ತುಂಬ ಕೆಂಪು ಪೆಟ್ರೋಲು. ಮಂದಿ ಕೂಡಿದ ಮೇಲೆ ಏಜೆಂಟರು ಗಾಳಿ ಬರುವ ದಿಕ್ಕು ನೋಡಿಕೊಂಡು, ನಾಲ್ಕು ಹೆಜ್ಜೆ ಆಚೆ ನಿಂತು ಭಾಷಣ ಮಾಡಿದರು. ಸೀಸವೂ ಇಲ್ಲ, ಗೀಸವೂ ಇಲ್ಲ, ಇದು ಕಂಪನಿಯ ಗುಟ್ಟಿನ ಔಷಧ, ಮೈಗೆ ಹತ್ತಿದರೆ ಚರ್ಮ ಮೃದುವಾದೀತು ಅಷ್ಟೆ ಎಂದರು. ಬೇಕಾದರೆ ಪ್ರತ್ಯಕ್ಷ ನೋಡಿರಿ ಎಂದು ಮಲ್ಲಿಕಸಾಬನನ್ನು ಕರೆದರು.

ಮಲ್ಲಿಕಸಾಬ ಅಂಗಿಯ ತೋಳು ಮಡಚಿ, ಬಿಸ್ಮಿಲ್ಲಾ ಎಂದು, ಪರಾತದಲ್ಲಿ ಮೊಣಕೈತನಕ ಕೈ ಮುಳುಗಿಸಿ ತೊಳೆದ. ಮುಖ ತೊಳೆದ. ಕೊನೆಗೆ ನಾಲಿಗೆ ಚಾಚಿ ರುಚಿ ನೋಡಿ, ಮೀಸೆ ಒರೆಸಿಕೊಂಡು ನಕ್ಕ. ಮಂದಿ ಚಪ್ಪಾಳೆ ಹೊಡೆದು ಸೀದಾ ಬಸ್ಸು ಹತ್ತಿದರು. ಏಜೆಂಟರು ಕೈಗವಸು ಹಾಕಿದ ಕೈಯಿಂದ ಅವನ ಬೆನ್ನು ಚಪ್ಪರಿಸಿದರು, ಆಮೇಲೆ ಆ ಕೈಗವಸನ್ನು ಕಳಚಿ ಪೇಪರಿನಲ್ಲಿ ಸುತ್ತಿಟ್ಟು ಇನ್ನೊಂದು ಜೊತೆ ಹಾಕಿಕೊಂಡರು. ಅದನ್ನು ನಾವೆಲ್ಲ ನೋಡಿದೆವು. ಎಷ್ಟು ಜೊತೆ ಇವೆಯಪ್ಪಾ ಇವರ ಹತ್ತಿರ, ಎಂಥ ಶ್ರೀಮಂತರು ಎಂದುಕೊಂಡೆವು.

ಮುಂದೆ ಅದೊಂದು ವಾರದ ರೂಢಿಯಾಯಿತು. ಸಂತೆಯ ದಿನ ಹಳ್ಳಿಯ ಮಂದಿ ಮಲ್ಲಿಕಸಾಬನ ಜಳಕ ನೋಡಲು ಬರುತ್ತಿದ್ದರು. ಕಂಪನಿ ಅವನಿಗೊಂದು ಕೆಂಪು ರುಮಾಲು ಕೊಟ್ಟಿತು, ಫೋಟೋ ತೆಗೆಸಿ ಮುಂಬಯಿಗೆ ಕಳಿಸಿತು. ಪೆಟ್ರೋಲಿನ ದೊಡ್ಡ ಟಾಕಿಯ ತಳದಲ್ಲಿ ಕೂತ ಕೆಸರು ತೆಗೆಯುವ ಕೆಲಸವನ್ನೂ ಅವನಿಗೇ ಒಪ್ಪಿಸಿತು. ಇಂಥ ವಿಶ್ವಾಸದ ಕೆಲಸ ಬೇರೆಯವರಿಗೆ ಕೊಡಲಾದೀತೆ ಎಂದರು ಏಜೆಂಟರು. ಮಲ್ಲಿಕಸಾಬ ಹಿಗ್ಗಿ ಹೀರೇಕಾಯಿಯಾದ.

ಆಮೇಲೆ ಅವನ ನಿದ್ದೆ ಹೋಯಿತು.

ಸುರುವಿಗೆ ಅದನ್ನೂ ಅವನೊಂದು ದೊಡ್ಡಸ್ತಿಕೆ ಎಂದೇ ತಿಳಿದ. ಧಣಿಯಂತೂ ಖುಷಿಪಟ್ಟು, ಹೇಗಿದ್ದರೂ ಎಚ್ಚರ ಇರುತ್ತೀಯಲ್ಲ ಎಂದು ಅವನನ್ನೇ ಸ್ಟ್ಯಾಂಡಿನ ಪಹರೆಗೂ ಹಾಕಿ ಹಳೆಯ ಪಹರೆಯವನನ್ನು ಬಿಡಿಸಿಬಿಟ್ಟ. ನಮ್ಮ ಓಣಿಯಲ್ಲಿ ಕೆಲವರು ಇವನಿಗೆ ಏನೋ ಸಿದ್ಧಿಯಾಗಿದೆ ಎಂದು ಮಕ್ಕಳ ಕೊರಳಿಗೆ ತಾಯತ ಕಟ್ಟಿಸಿಕೊಂಡು ಹೋದರು. ಕಟ್ಟುವಾಗ ಅವನ ಬೆರಳು ಎಷ್ಟು ನಡುಗುತ್ತಿದ್ದವೆಂದರೆ ಗಂಟು ಬೀಳುತ್ತಿರಲಿಲ್ಲ. ಭಕ್ತಿ ಹೆಚ್ಚಾಗಿದೆ ಎಂದರು.

ನಾನು ಪಕ್ಕದ ಮನೆಯವನಾದ್ದರಿಂದ ಉಳಿದದ್ದು ನನಗೆ ಕಾಣುತ್ತಿತ್ತು. ಗೋಡೆಯ ಮೇಲೆ ಇರುವೆ ಸಾಲು ಹತ್ತಿದೆ ಎಂದು ಅವನು ಬರಿಗೋಡೆಯನ್ನು ಕಸಬರಿಗೆಯಿಂದ ಉಜ್ಜುತ್ತಿದ್ದ. ಅಂಗಿಯ ಮೇಲೆ ಪತಂಗ ಕೂತಿವೆ ಎಂದು ಕೊಡವುತ್ತಿದ್ದ. ಎಂದೂ ಹೆಂಡತಿಯ ಮೇಲೆ ದನಿ ಏರಿಸದವನು ಬೋಗುಣಿ ಎತ್ತಿ ಒಗೆಯತೊಡಗಿದ. ಮಕ್ತುಮಬಿ ಅವನನ್ನು ದವಾಖಾನೆಗೆ ಕರೆದುಕೊಂಡು ಹೋದಳು. ಡಾಕ್ಟರರು ನರ ದುರ್ಬಲವಾಗಿವೆ ಎಂದು ಒಂದು ಶೀಶೆ ಔಷಧ ಕೊಟ್ಟರು. ಅದರ ಬಣ್ಣವೂ ಕೆಂಪು ಇದ್ದುದರಿಂದ ಮಲ್ಲಿಕಸಾಬನಿಗೆ ಅದರ ಮೇಲೆ ಪೂರ್ಣ ನಂಬಿಕೆ ಬಂತು.

ಒಂದು ಮುಂಜಾನೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಅವನು ಒಳಗೆ ಬಂದು, ಬಾಗಿಲಲ್ಲೇ ನಿಂತು, ಬಹಳ ಮರ್ಯಾದೆಯಿಂದ ಕೇಳಿದ: "ಯಾರವಾ ನೀ? ಇಲ್ಲೆ ನನ್ನ ಹೇಣ್ತಿ ಇದ್ದಳು, ನೋಡೀಯೇನು?"

ಅವಳು ಹಿಟ್ಟಿನ ಕೈಯಲ್ಲೇ ನಮ್ಮ ಮನೆಗೆ ಓಡಿ ಬಂದಳು. ಅಷ್ಟು ಗಟ್ಟಿ ಹೆಂಗಸು ಅತ್ತದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವಳನ್ನು ಕರೆದುಕೊಂಡು ಏಜೆಂಟರ ಹತ್ತಿರ ಹೋದೆ.

"ಸಾಹೇಬ್ರ, ಆ ಎಣ್ಣಿ ಕೆಲಸ ಬಿಡಿಸ್ರಿ. ಕಸಾ ಹೊಡೀಲಿ, ಕಲ್ಲು ಹೊರ್ಲಿ, ಏನರೆ ಮಾಡ್ಲಿ" ಎಂದಳು.

"ತಂಗೀ, ಹಾಲು, ತತ್ತಿ ಕೊಡವಾ ಅವಂಗ" ಎಂದರು ಮೈಲಾರಪ್ಪನವರು. "ಪೆಟ್ರೋಲಿನಿಂದ ಏನೂ ಆಗೂದಿಲ್ಲ. ನಾನೂ ದಿನಾ ಅದರಾಗ ಇರತೇನಲ್ಲ, ನನಗೇನಾಗೇತಿ?" ಹಾಗೆ ಹೇಳುವಾಗ ಅವರು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಸರಿಮಾಡಿಕೊಳ್ಳುತ್ತಿದ್ದರು. ಮಕ್ತುಮಬಿ ಅವರ ಮುಖ ನೋಡಲಿಲ್ಲ. ಆ ಕೈಗಳನ್ನೇ ನೋಡುತ್ತ ನಿಂತಿದ್ದಳು.

ಅವಳ ಗಂಡನನ್ನು ಉಳಿಸಿದ್ದು ಡಾಕ್ಟರೂ ಅಲ್ಲ, ದರ್ಗಾದ ಹರಕೆಯೂ ಅಲ್ಲ, ಮಹಾಯುದ್ಧ. ಕೆಂಪು ಪೆಟ್ರೋಲೆಲ್ಲ ಮಿಲಿಟರಿಯವರ ವಿಮಾನಕ್ಕೆ, ಲಾರಿಗೆ ಹೊರಟುಹೋಯಿತು. ನಮಗೆ ಉಳಿದದ್ದು ಇದ್ದಲಿ. ಬಸ್ಸಿನ ಬೆನ್ನಿಗೆ ಆಳೆತ್ತರದ ಒಲೆ ಕಟ್ಟಿ, ಇದ್ದಲಿ ತುಂಬಿ, ಗಾಳಿ ಹಾಕಿ, ಅದರ ಹೊಗೆಯಿಂದ ಬಸ್ಸು ಓಡಿಸಬೇಕು. ನವಲೂರಿನ ಏರಿನಲ್ಲಿ ಮಂದಿ ಮತ್ತೆ ಇಳಿದು ದಬ್ಬತೊಡಗಿದರು. ಹಳೆಯ ರೂಢಿ, ಯಾರೂ ಮರೆತಿರಲಿಲ್ಲ. ಮಲ್ಲಿಕಸಾಬನ ನಾಲಿಗೆಗೆ ಕೆಲಸವಿಲ್ಲದಾಯಿತು. ಧಣಿ ಅವನಿಗೆ ಒಲೆಯ ಗಾಳಿ ತಿರುವುವ ಕೆಲಸ ಕೊಟ್ಟ. ಮೈಲಾರಪ್ಪನವರು ಹ್ಯಾಟು ಎತ್ತಿಕೊಂಡು ಮುಂಬಯಿಗೆ ಹೋದವರು ಒಂದು ಕಾಗದವನ್ನೂ ಬರೆಯಲಿಲ್ಲ.

ಊರೆಲ್ಲ ಯುದ್ಧವನ್ನು ಶಪಿಸುತ್ತಿತ್ತು. ಸಕ್ಕರೆ ಇಲ್ಲ, ಚಿಮಣಿ ಎಣ್ಣೆ ಇಲ್ಲ, ಅರಿವೆ ಇಲ್ಲ. ಮಕ್ತುಮಬಿ ಮಾತ್ರ ಸುಮ್ಮನಿದ್ದಳು. ಏಕೆಂದರೆ ಅವಳ ಗಂಡ ನಿಧಾನವಾಗಿ ನಿದ್ದೆ ಮಾಡತೊಡಗಿದ್ದ. ಮೊದಲು ಗೋಡೆಯ ಇರುವೆ ಹೋದವು, ಆಮೇಲೆ ಅಂಗಿಯ ಪತಂಗ. ಬೆರಳಿನ ನಡುಕ ಪೂರಾ ಹೋಗಲಿಲ್ಲ, ಆದರೆ ಚಹದ ಬಟ್ಟಲು ಚೆಲ್ಲದೆ ಹಿಡಿಯುವಷ್ಟಾಯಿತು. ಮುಖದ ತುಂಬ ಇದ್ದಲಿಯ ಮಸಿ ಹೊತ್ತು ಮನೆಗೆ ಬಂದು, ಹೊಸ್ತಿಲು ದಾಟುವ ಮೊದಲೇ "ಮಕ್ತುಮಾ" ಎಂದು ಕೂಗುತ್ತಿದ್ದ. ನಮ್ಮ ಮನೆಗೂ ಕೇಳುತ್ತಿತ್ತು. ಅವಳು ಬೇಕೆಂದೇ ತಡಮಾಡಿ ಓಗೊಡುತ್ತಿದ್ದಳು. ಇನ್ನೊಮ್ಮೆ ಕರೆಯಲಿ ಎಂದು ಇರಬೇಕು.

ಯುದ್ಧ ಮುಗಿಯಿತು. ಪೆಟ್ರೋಲು ಹನಿ ಹನಿಯಾಗಿ ಬರತೊಡಗಿತು, ಅದರ ಹಿಂದೆ ಮೈಲಾರಪ್ಪನವರೂ ಬಂದರು. ಹೊಟ್ಟೆ ಸ್ವಲ್ಪ ಬಂದಿತ್ತು, ಕೈಗವಸು ಹೊಸವು. ಸ್ಟ್ಯಾಂಡಿನ ಎದುರು ಕಂಪನಿಯ ಹೊಸ ಪಂಪು ನಿಂತಿತ್ತು. ರಮಜಾನ್ ಈದಿನ ಮರುದಿನ ಅದರ ಉದ್ಘಾಟನೆ. ಏಜೆಂಟರು ಮಲ್ಲಿಕಸಾಬನನ್ನು ಕರೆಸಿ, ಬಾಜಾಬಜಂತ್ರಿಯ ನಡುವೆ ಅವನ ಹಳೆಯ ಜಳಕ ಆಗಲೇಬೇಕು, ಆಮೇಲೆ ಟಾಕಿಯ ಕೆಲಸವೂ ಅವನದೇ ಎಂದರು. ರುಚಿ ನೋಡಲೆಂದು ಒಂದು ಶೀಶೆ ಕೆಂಪು ಪೆಟ್ರೋಲನ್ನು ಕೈಗಿತ್ತರು.

ಮಲ್ಲಿಕಸಾಬ ಒಲ್ಲೆ ಎನ್ನುತ್ತಾನೆಂದು ನಾನು ತಿಳಿದಿದ್ದೆ. ಮನುಷ್ಯನಿಗೆ ಹೊಗಳಿಕೆಯ ಚಟ ಹತ್ತಿದರೆ ಅದರ ಮುಂದೆ ಅಫೀಮು ಯಾವ ಲೆಕ್ಕ! ಇದ್ದಲಿ ಒಲೆಯ ಮುಂದೆ ಅವನು ಅಷ್ಟು ವರ್ಷ ಯಾರಿಗೂ ಬೇಡವಾಗಿ ನಿಂತಿದ್ದ. ಈಗ ಪೆಟ್ಟಿಗೆಯಿಂದ ಹಳೆಯ ಕೆಂಪು ರುಮಾಲು ತೆಗೆದು ಬಿಸಿಲಿಗೆ ಹಾಕಿದ.

"ಮತ್ತ ಇರುವಿ ಬರತಾವ್ರಿ" ಎಂದಳು ಮಕ್ತುಮಬಿ.

"ಅದು ಪೆಟ್ರೋಲಿಂದ ಆಗಿದ್ದಲ್ಲ. ಸಾಹೇಬ್ರು ಓದಿದವರು, ಅವರಿಗೆ ಗೊತ್ತಿರಂಗಿಲ್ಲೇನು?"

ಅವಳು ವಾದ ಮಾಡಲಿಲ್ಲ. "ಹಂಗಾದ್ರ ಈದಿನ ದಿನ ಸಾಹೇಬ್ರನ್ನ, ಧಣ್ಯಾರನ್ನ ಊಟಕ್ಕ ಕರೀರಿ" ಎಂದಳು. ನನ್ನನ್ನೂ ಕರೆದಳು.

ಮೈಲಾರಪ್ಪನವರು ಸಂತೋಷದಿಂದ ಬಂದರು. ಮಟನ್ ಬೆಂದ ವಾಸನೆ ಬಂದಲ್ಲಿ ಅವರು ಜಾತಿ ಮತದ ವಿಚಾರ ಎತ್ತುವವರಲ್ಲ. ಚಾಪೆಯ ಮೇಲೆ ಊಟದ ಅರಿವೆ, ದಸ್ತರಖಾನು, ಹಾಸಿತ್ತು. ಊಟಕ್ಕೆ ಕೂತ ಮೇಲೆ ಕೈಗವಸು ಕಳಚಲೇಬೇಕಲ್ಲ; ಕಳಚಿ ತೊಡೆಯ ಮೇಲಿಟ್ಟುಕೊಂಡರು. ಅವರ ಕೈಗಳನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಮದುಮಗಳ ಕೈಯಷ್ಟು ಬೆಳ್ಳಗೆ, ಮೆತ್ತಗೆ ಇದ್ದವು.

ಮುಸಲ್ಮಾನರ ಮನೆಗಳಲ್ಲಿ ಬಂದವರು ಎದ್ದು ಹೋಗಿ ಕೈ ತೊಳೆಯುವ ಪದ್ಧತಿಯಿಲ್ಲ. ಕೂತಲ್ಲಿಗೇ ತೂತಿನ ಮುಚ್ಚಳದ ತಾಮ್ರದ ಬೋಗುಣಿ ತಂದಿಟ್ಟು, ಕೊಳವೆ ಮೂತಿಯ ತಂಬಿಗೆಯಿಂದ ಮನೆಯವರೇ ಅತಿಥಿಯ ಕೈಗೆ ನೀರು ಹನಿಸುತ್ತಾರೆ. ಮಕ್ತುಮಬಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬೋಗುಣಿ ತಂದಳು. ಮೊದಲ ಮರ್ಯಾದೆ ಏಜೆಂಟರಿಗೆ. ಅವರು ಧಣಿಯ ಜೊತೆ ಮಾತಾಡುತ್ತಲೇ ಎರಡೂ ಕೈ ಚಾಚಿದರು. ಅವಳು ತಂಬಿಗೆ ಬಗ್ಗಿಸಿದಳು.

ಕೈಯ ಮೇಲೆ ಕೆಂಪಗೆ ಬಿತ್ತು. ಪೆಟ್ರೋಲಿನ ವಾಸನೆ ಗಪ್ಪನೆ ಎದ್ದಿತು. ಏಜೆಂಟರು ಗೋಡೆಯ ಗೂಡಿನತ್ತ ನೋಡಿದರು. ಅವರು ಕೊಟ್ಟ ಶೀಶೆ ಬರಿದಾಗಿ ನಿಂತಿತ್ತು.

"ಅಯ್ಯೋ! ವಿಷಾ! ವಿಷಾ ಹಾಕಿದಳು!" ಎಂದು ಅವರು ಕೂತಲ್ಲಿಂದ ಹಾರಿ ನಿಂತರು. "ಅದಕ್ಕ ಬಣ್ಣ ಹಾಕಿದ್ದು ಯಾಕ ಅಂತ ಮಾಡೀರಿ? ಯಾರೂ ಮುಟ್ಟಬಾರದು ಅಂತ! ಸೀಸ ಐತಿ ಅದರಾಗ, ಚರ್ಮದಾಗಿಂದ ಇಳದು ತಲಿಗೆ ಏರತೈತಿ! ನೀರು! ಯಾರರೆ ನೀರು ತರ್ರೋ! ಸಾಬೂನು!"

ಧಣಿಯ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಮಕ್ತುಮಬಿಗೆ ಅವಳ ಪ್ರಶ್ನೆಯ ಉತ್ತರ ಇಷ್ಟು ವರ್ಷದ ಮೇಲೆ ಸಿಕ್ಕಿತ್ತು.

ಮಲ್ಲಿಕಸಾಬ ಎದ್ದ. ಹಿತ್ತಲಿಗೆ ಹೋಗಿ ಕೊಡ ತುಂಬ ನೀರು, ಸಾಬೂನಿನ ತುಂಡು ತಂದ. ಎಷ್ಟೆಂದರೂ ಅತಿಥಿ. ತಾನೇ ನೀರು ಹನಿಸತೊಡಗಿದ. ಏಜೆಂಟರು ಚರ್ಮ ಸುಲಿಯುವಂತೆ ತಿಕ್ಕುತ್ತಿದ್ದರು.

"ಸಾಹೇಬ್ರ" ಎಂದ ಮಲ್ಲಿಕಸಾಬ, "ಮೊದಲಿಂದನೂ ಗೊತ್ತಿತ್ತೇನ್ರಿ?"

"ಇನ್ನಷ್ಟು ಹಾಕೋ, ಇನ್ನಷ್ಟು ಹಾಕು!"

ಅವನು ಇನ್ನಷ್ಟು ಹಾಕಿದ.

ಆಗ ಮಕ್ತುಮಬಿ ಮುಚ್ಚಳ ಎತ್ತಿ, ವಾಸನೆಗೆಂದು ಪೆಟ್ರೋಲಿನಲ್ಲಿ ಅದ್ದಿ ಬೋಗುಣಿಯ ತಳದಲ್ಲಿಟ್ಟಿದ್ದ ಅರಿವೆಯ ತುಂಡು ತೋರಿಸಿದಳು. ಶೀಶೆಯಲ್ಲಿ ಉಳಿದದ್ದನ್ನು ಗಟಾರಕ್ಕೆ ಸುರಿದಿದ್ದಳಂತೆ. "ಗಾಬರಿ ಆಗಬ್ಯಾಡ್ರಿ. ತಂಬಿಗ್ಯಾಗ ಇರೂದು ಬರೇ ನಮ್ಮ ತವರಮನಿ ಬಣ್ಣದ ನೀರು. ಆದ್ರ ಬಣ್ಣ ಮಾತ್ರ ಪಕ್ಕಾ ಐತ್ರಿ, ಲಗೂ ಹೋಗಂಗಿಲ್ಲ."

ಖರೇ, ಹೋಗಲಿಲ್ಲ. ಮೈಲಾರಪ್ಪನವರು ಹಸಿ ಕೈಗೇ ಕೈಗವಸು ಎಳೆದುಕೊಂಡು, ಉಣ್ಣದೆ ಹೊರಟುಹೋದರು. ಮರುದಿನ ಬಾಜಾಬಜಂತ್ರಿಯೊಂದಿಗೆ ಪಂಪು ಸುರುವಾಯಿತು. ಜಳಕದ ಕಾರ್ಯಕ್ರಮ ಇರಲಿಲ್ಲ, ಯಾರೂ ಕೇಳಲೂ ಇಲ್ಲ. ಕೇಳಬಹುದಾಗಿದ್ದ ಗುಡ್ಡಪ್ಪ ಧಣಿ ಕೀಲಿ ತೆಗೆದು ತನ್ನ ಹಳೆಯ ಕೈಗವಸು ಹಾಕಿಕೊಂಡು ಬಂದು, ಮೊದಲ ಬಸ್ಸಿಗೆ ತಾನೇ ಕೆಂಪು ಪೆಟ್ರೋಲು ತುಂಬಿಸಿದ. ಮಂದಿ ಚಪ್ಪಾಳೆ ಹೊಡೆದು ಬಸ್ಸು ಹತ್ತಿದರು.

ಮಲ್ಲಿಕಸಾಬ ಅಲ್ಲಿಗೆ ಬರಲಿಲ್ಲ. ಹಿಂದಿನ ದಿನ, ಈದಿನಂದು, ಅತಿಥಿಗಳು ಎದ್ದುಹೋದ ಮೇಲೆ ಆ ಮನೆಯಲ್ಲಿ ಉಳಿದವನು ನಾನೊಬ್ಬನೇ. ಅನ್ನ ಆರುತ್ತಿತ್ತು. ಅವನು ದಸ್ತರಖಾನಿನ ಮುಂದೆ ಕೂತು ತನ್ನ ನಡುಗುವ ಎರಡೂ ಕೈಗಳನ್ನು ಬೋಗುಣಿಯ ಮೇಲೆ ಚಾಚಿದ. ಮಕ್ತುಮಬಿ ತಂಬಿಗೆ ತೊಳೆದು, ಬಾವಿಯ ನೀರು ತುಂಬಿ ತಂದು ಹನಿಸಿದಳು. ಅವನು ಬೆರಳು ಬೆರಳಿನ ಸಂದಿ ತಿಕ್ಕಿದ, ಅಂಗೈ ತಿಕ್ಕಿದ, ಮೊಣಕೈತನಕ ತಿಕ್ಕಿದ. ತಂಬಿಗೆ ಬರಿದಾಯಿತು. ಅವನು ಕೈ ಹಿಂದೆ ತೆಗೆಯಲಿಲ್ಲ.

"ಇನ್ನೊಂದೀಟ ಹಾಕ, ಮಕ್ತುಮಾ" ಎಂದ.

ಅವಳು ಮತ್ತೆ ಬಾವಿಗೆ ಹೋದಳು.